ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬಾರದು

ಮನುಷ್ಯನ ಭಯಗಳಿಗೆಲ್ಲ ಸಾವಿನ ಭಯವೇ ಮೂಲ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನನ್ನ ಮಟ್ಟಿಗೆ ಅದರ ಮೂಲ ಶಿಡ್ಲಘಟ್ಟದ ಬಸ್ ನಿಲ್ದಾಣದ ಹಿಂದಿನ ಕ್ಷೌರದಂಗಡಿಯ ಕುರ್ಚಿ.

ನಾನು ಸರ್ವೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಭೂಮಿ ಅಳೆದವನು. ಅಣ್ಣತಮ್ಮಂದಿರು ಮಚ್ಚು ಹಿಡಿದು ಎದುರುಬದುರು ನಿಂತ ಬದುವಿನ ಮೇಲೆ, ಇಬ್ಬರ ನಡುವೆ ನಿಂತು ಚೈನು ಎಳೆಸಿದ್ದೇನೆ. ಗೌರಿಬಿದನೂರು ಕಡೆ ಒಮ್ಮೆ ಗಡಿಕಲ್ಲು ನೆಡುವಾಗ ಅದೇ ಕಲ್ಲನ್ನು ನನ್ನ ತಲೆಯ ಮೇಲೆ ಹಾಕುವುದಾಗಿ ಒಬ್ಬ ಅಜ್ಜಿ ಮಾತು ಕೊಟ್ಟಿದ್ದರು. ಆಗೆಲ್ಲ ಎದೆ ಎಂಬುದೊಂದು ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ನಿವೃತ್ತಿಯಾಗಿ ಎಂಟು ತಿಂಗಳ ಮೇಲೆ. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು, ಕತ್ತು ಹಿಂದಕ್ಕೆ ಚೆಲ್ಲಿ, ಎಡಗೆನ್ನೆ ಮುಗಿದು ಬಲಗೆನ್ನೆಗೆ ಸೋಪು ಬಿದ್ದಿದ್ದ ಹೊತ್ತು. ಕಾರಣವಿಲ್ಲ, ಮುನ್ಸೂಚನೆಯಿಲ್ಲ. ಎದೆ ಡವಡವ ಎಂದು ಹೊಡೆದುಕೊಳ್ಳತೊಡಗಿತು, ಗಂಟಲ ಪಸೆ ಆರಿತು, ಬೆರಳ ತುದಿಗಳು ಜುಮ್ಮೆಂದವು. ಈಗ ಎದ್ದು ಆಚೆ ಹೋಗದಿದ್ದರೆ ಇಲ್ಲೇ ಮುಗಿಯಿತು ಎಂದು ಒಳಗಿನಿಂದ ಯಾರೋ ಆಜ್ಞೆ ಹೊರಡಿಸಿದರು. ಸರ್ಕಾರಿ ನೌಕರನಿಗೆ ಆಜ್ಞೆ ಪಾಲಿಸಿಯೇ ಅಭ್ಯಾಸ. ಎದ್ದೆ. ಬಿಳಿ ಬಟ್ಟೆಯ ಸಮೇತ ನಡೆದೆ.

ಬಸ್ ನಿಲ್ದಾಣದ ಮೂಲೆಯಲ್ಲಿ ದಂಟಿನ ಸೊಪ್ಪು ಮಾರುತ್ತಿದ್ದ ಹೆಂಗಸು ನನ್ನ ಅರ್ಧ ಮುಖವನ್ನು ನೋಡಿ ಎದ್ದೇ ನಿಂತಳು.

"ಯಾಕ್ ಸಾಮಿ, ಮನೇಲಿ ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಏನೂ ಇಲ್ಲಮ್ಮ. ಗಾಳಿ ಬೇಕಿತ್ತು."

"ಗಾಳೀಗೆ ಇಷ್ಟು ಅವಸರಾನಾ!" ಎಂದು ಅವಳು ಕೂತಳು.

ಚಿಕ್ಕಬಳ್ಳಾಪುರದ ಡಾಕ್ಟರಮ್ಮ ಒಬ್ಬರು ಇಸಿಜಿ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು, ಬೆನ್ನಿನ ಮೇಲೆ ನಾಲ್ಕು ಕಡೆ ಕೊಳವೆ ಇಟ್ಟು ಕೇಳಿದರು. ಆಮೇಲೆ ಕನ್ನಡಕ ತೆಗೆದು ಹೇಳಿದರು: "ನಿಮ್ಮ ಹಾರ್ಟು ನನ್ನ ಹಾರ್ಟಿಗಿಂತ ಚೆನ್ನಾಗಿದೆ. ಇದು ಪ್ಯಾನಿಕ್ಕು. ಗಾಬರಿ. ಬರುತ್ತೆ, ಸ್ವಲ್ಪ ಹೊತ್ತು ಕುಣಿಯುತ್ತೆ, ಹೋಗುತ್ತೆ. ಉಸಿರು ಎಳೆಯೋದಕ್ಕಿಂತ ನಿಧಾನವಾಗಿ ಬಿಡಿ. ಮುಖ್ಯವಾಗಿ, ಬಂದಾಗ ಓಡಬೇಡಿ. ತೀರಾ ಕಾಟ ಕೊಟ್ರೆ ಬನ್ನಿ, ಅದಕ್ಕೂ ಚಿಕಿತ್ಸೆ ಇದೆ."

ಕೇಳಿ ಎಷ್ಟು ಹಗುರವಾಯಿತೆಂದರೆ, ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಎರಡು ಮಸಾಲೆದೋಸೆ ತಿಂದೆ. ಸಣ್ಣದೊಂದು ಬೇಸರವೂ ಆಯಿತು ಎಂದು ಒಪ್ಪಿಕೊಳ್ಳಬೇಕು. ಅಷ್ಟು ವಿಜೃಂಭಣೆಯಿಂದ ಸಾಯಲು ಹೊರಟವನ ಕೈಗೆ 'ಎಲ್ಲ ಸರಿಯಿದೆ' ಎಂಬ ಚೀಟಿ ಕೊಟ್ಟು ಕಳಿಸಿದರೆ ಮರ್ಯಾದೆ ಏನು ಉಳಿಯಿತು?

ಡಾಕ್ಟರಮ್ಮ ಹೇಳಿದ್ದರಲ್ಲಿ ನಾನು 'ಓಡಬೇಡಿ' ಎಂಬುದೊಂದನ್ನು ಬಿಟ್ಟು ಮಿಕ್ಕೆಲ್ಲ ಪಾಲಿಸಿದೆ. ಅವರು ಹೇಳದ್ದನ್ನೂ ಬಹಳಷ್ಟು ಪಾಲಿಸಿದೆ. ಒಂದು ಕೈಚೀಲ ಸಿದ್ಧವಾಯಿತು. ಅದರಲ್ಲಿ ಬಿಪಿ ನೋಡುವ ಮಿಷನ್ನು, ಬೆರಳಿಗೆ ಕಚ್ಚಿಸುವ ಮಿಷನ್ನು, ಎರಡು ನೀರಿನ ಬಾಟಲಿ, ಏಲಕ್ಕಿ, ಶುಂಠಿ, ಚಿಂತಾಮಣಿಯ ನನ್ನ ತಂಗಿ ಮಂತ್ರಿಸಿ ತಂದ ನಿಂಬೆಹಣ್ಣು, ತಲೆನೋವಿನ ಮುಲಾಮು. ತಲೆನೋವು ನನಗೆ ಎಂದೂ ಬಂದಿರಲಿಲ್ಲ, ಬಂದರೆ ಇರಲಿ ಎಂದು. ಈ ಚೀಲವಿಲ್ಲದೆ ನಾನು ಹಾಲು ತರಲೂ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು, ಹೋಟೆಲಿನಲ್ಲಿ ಬೀದಿ ಕಡೆಯ ಟೇಬಲ್ಲು, ದೇವಸ್ಥಾನದಲ್ಲಿ ದೇವರಿಗಿಂತ ಬಾಗಿಲಿಗೆ ಹತ್ತಿರ. ಗಡ್ಡವನ್ನು ಮನೆಯಲ್ಲೇ ಕೆರೆದುಕೊಳ್ಳತೊಡಗಿದೆ. ಅಷ್ಟಾಗಿಯೂ ಗಾಬರಿ ಕಡಿಮೆಯಾಗಲಿಲ್ಲ. ಬದಲಿಗೆ ಗೌರವ ಕಂಡ ನೆಂಟನಂತೆ ವಾರಕ್ಕೊಮ್ಮೆ ಬರುತ್ತಿದ್ದದ್ದು ಎರಡು ದಿನಕ್ಕೊಮ್ಮೆ ಬರತೊಡಗಿತು.

ಚೀಲ ಹೆಗಲಿಗೇರಿಸಿ ಹೊರಟಾಗಲೆಲ್ಲ ನನ್ನ ಹೆಂಡತಿ ಹೊಸಲಿನಿಂದ ಕೇಳುತ್ತಿದ್ದಳು: "ಏನೂಂದ್ರೆ, ಎಷ್ಟನೇ ತಿಂಗಳು?"

ಇದು ಹೀಗೆಯೇ ನಗೆಯಲ್ಲಿ ನಡೆದುಹೋಗುತ್ತಿತ್ತೋ ಏನೋ. ಆದರೆ ನಡುವೆ ಮಗಳ ಮದುವೆ ಬಂತು.

ಗಂಡಿನ ಮನೆ ಗೌರಿಬಿದನೂರು. ಒಳ್ಳೆಯ ಜನ, ಒಳ್ಳೆಯ ಹುಡುಗ, ಮಗಳೇ ಮೆಚ್ಚಿದವನು. ಲಗ್ನಪತ್ರಿಕೆ ಅವರ ಮನೆಯಲ್ಲಿ. "ಆ ಚೀಲ ಕಾರಿಂದ ಇಳಿದ್ರೆ ನಾನು ಇಳಿಯಲ್ಲ" ಎಂದು ಹೆಂಡತಿ ಹೇಳಿದ್ದರಿಂದ ಚೀಲ ಕಾರಿನಲ್ಲೇ ಉಳಿಯಿತು. ಒಳಗೆ ನಡುಮನೆಯ ತುಂಬ ಜಮಖಾನ, ಜಮಖಾನದ ತುಂಬ ಜನ. ನನ್ನನ್ನು ಮರ್ಯಾದೆಯಿಂದ ಕರೆದೊಯ್ದು ಬಾಗಿಲಿಗೆ ಅತಿ ದೂರದ ಗೋಡೆಗೆ ಒರಗಿಸಿ ಕೂರಿಸಿದರು. ಪಕ್ಕದಲ್ಲಿ ಹುಡುಗನ ದೊಡ್ಡಪ್ಪ, ಆ ಮನೆಯ ಹಿರಿಯರು, ದೊಡ್ಡ ಆಳು. ಅವರ ಮೊಣಕಾಲು ನನ್ನ ಪಂಚೆಯ ಅಂಚಿನ ಮೇಲೆ ಊರಿತ್ತು.

ಪುರೋಹಿತರು ಪತ್ರಿಕೆ ಓದಲು ಶುರುಮಾಡಿದರು. ನನ್ನ ಎದೆಯೂ ಶುರುಮಾಡಿತು. ಅಷ್ಟರಲ್ಲಿ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ಮದುವೆ ಚಿಕ್ಕಬಳ್ಳಾಪುರದಲ್ಲೇ ಇಟ್ಕೊಳಣ. ನಿಮಗೂ ನಮಗೂ ನಡುವೆ ಆಗುತ್ತೆ. ಏನಂತೀರಿ ಬೀಗರೇ?" ಎಂದರು.

ಬೀಗರು ಏನೂ ಅನ್ನಲಿಲ್ಲ. ಬೀಗರು ಅವರ ಮೊಣಕಾಲಿನ ಕೆಳಗಿನಿಂದ ಪಂಚೆ ಎಳೆದುಕೊಂಡು, ಎದ್ದು, ನಾಲ್ಕೈದು ಜನರನ್ನೂ ಒಂದು ತಾಂಬೂಲದ ತಟ್ಟೆಯನ್ನೂ ದಾಟಿ, ಆಚೆ ಹೋದರು. ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿ ನೇರವಾಗಿ ರೈಲ್ವೆ ಸ್ಟೇಷನ್ನಿಗೆ ನಡೆದು, ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತರು. ಹಿಂದೂಪುರದ ಕಡೆ ಒಂದು ರೈಲು ಹೋಯಿತು. ಹತ್ತು ನಿಮಿಷಕ್ಕೆಲ್ಲ ನನಗೆ ಪೂರ್ತಿ ಸರಿಹೋಗಿ ಹಸಿವೂ ಆಯಿತು.

ಇತ್ತ ನಡುಮನೆಯಲ್ಲಿ ತೀರ್ಮಾನವಾಗಿಬಿಟ್ಟಿತ್ತು: ಮದುವೆ ಹೆಣ್ಣಿನ ಊರಲ್ಲಿ ಮಾಡದೆ ಚಿಕ್ಕಬಳ್ಳಾಪುರ ಎಂದದ್ದಕ್ಕೆ ಹೆಣ್ಣಿನ ತಂದೆಗೆ ಅವಮಾನವಾಗಿದೆ. ನಾನು ತಿರುಗಿ ಬಂದಾಗ ಎಲ್ಲರೂ ಎದ್ದು ನಿಂತಿದ್ದರು. ದೊಡ್ಡಪ್ಪ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು.

"ಕೋಪ ಮಾಡ್ಕೊಂಡ್ ಹೋದ್ರಿ, ಸರಿ. ನನ್ನ ಚಪ್ಪಲಿ ಯಾಕೆ ಮೆಟ್ಕೊಂಡ್ ಹೋದ್ರಿ?"

ಹೆಂಡತಿ ಮುಂದೆ ಬಂದು, "ಗ್ಯಾಸು ಅಣ್ಣ. ಬೆಳಗ್ಗೆ ಅವರೆಕಾಳು ತಿಂದಿದ್ರು" ಎಂದಳು. ನಮ್ಮ ಕಡೆ ವಿವರಿಸಲಾಗದ ಎಲ್ಲ ಘಟನೆಗಳಿಗೂ ಗ್ಯಾಸು ಕಾರಣವಾಗಿ ಒಪ್ಪಿತವಾದದ್ದರಿಂದ ಸಭೆ ಕೂತಿತು. ಆದರೆ ದೊಡ್ಡಪ್ಪ ಬೀಳ್ಕೊಡುವಾಗ ನನ್ನ ಕೈಹಿಡಿದು ಮೆಲ್ಲಗೆ ಹೇಳಿದರು: "ಇಲ್ಲಿ ಆಗಿದ್ದು ಆಯ್ತು ಬಿಡಿ. ಧಾರೇಲಿ ಮಾತ್ರ ಹೀಗಾಗಬಾರದು. ನಾಲ್ಕೂರ ಜನ ಇರ್ತಾರೆ. ಅಲ್ಲಿ ಹೆಣ್ಣಿನ ತಂದೆ ಎದ್ ಹೋದ್ರೆ ನಾವು ಗ್ಯಾಸು ಅಂತ ಎಷ್ಟು ಜನಕ್ಕೆ ಹೇಳಣ?"

ಗಂಡುಹೆಣ್ಣಿನ ಕೈಗೆ ಮೊದಲು ನಾವು ಹಾಲೆರೆದು, ಆಮೇಲೆ ಎರಡೂ ಕಡೆಯ ನೆಂಟರು ಸಾಲಾಗಿ ಬಂದು ಎರೆದು ಮುಗಿಸುವವರೆಗೆ ತಂದೆತಾಯಿ ಜಾಗ ಬಿಟ್ಟು ಏಳುವಂತಿಲ್ಲ. ಅದು ನಮ್ಮ ಪದ್ಧತಿ. ಅಂದರೆ ಕ್ಷೌರದ ಕುರ್ಚಿಯನ್ನು ವೇದಿಕೆಯ ಮೇಲಿಟ್ಟು, ಸುತ್ತ ಓಲಗ ಊದಿಸಿದಂತೆ.

ಕಾರು ಮಂಚೇನಹಳ್ಳಿ ದಾಟಿತು. ಆಮೇಲೆ ಮಗಳು ಮುಂದಿನ ಸೀಟಿನಿಂದ, ತಿರುಗದೆಯೇ ಹೇಳಿದಳು.

"ಅಪ್ಪಾ, ಧಾರೆಗೆ ಚಿಕ್ಕಪ್ಪ ಚಿಕ್ಕಮ್ಮನ್ನ ಕೂರಿಸಿದ್ರೂ ನಡೆಯುತ್ತಂತೆ. ನೀನು ಕೆಳಗಡೆ ಫ್ಯಾನ್ ಹತ್ರ ಕೂತ್ಕೋ. ಪರವಾಗಿಲ್ಲ."

"ನೋಡಣ ಬಿಡಮ್ಮ" ಎಂದೆ.

ಅವಳು ಅತ್ತಿದ್ದರೆ, ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. 'ಪರವಾಗಿಲ್ಲ' ಎಂದದ್ದಕ್ಕೆ ಏನು ಹೇಳುವುದು? ಅವಳನ್ನು ಬಾಲವಾಡಿಗೆ ಬಿಡಲು ಹೋದ ಮೊದಲ ದಿನ ಅವಳ ಕೈ ಬಿಡಿಸಿಕೊಂಡು ನಾನು ಹೇಳಿದ್ದು ಅದೇ ಮಾತು, ಅದೇ ದನಿ. ಚೀಲ ನನ್ನ ತೊಡೆಯ ಮೇಲಿತ್ತು. ಊರು ಬರುವವರೆಗೆ ಅದರ ಜಿಪ್ಪು ತೆಗೆಯುತ್ತ ಹಾಕುತ್ತ ಕೂತಿದ್ದೆ.

ಇಷ್ಟಾದ ಮೇಲೆ ನನಗೆ ಬುದ್ಧಿ ಬಂದದ್ದು ರೇಷ್ಮೆಹುಳುಗಳ ಕಡೆಯಿಂದ.

ಮನೆಯ ಹಿಂದೆ ಹುಳುಮನೆ ಇದೆ. ಅದರ ಯಜಮಾನಿಕೆ ಹೆಂಡತಿಯದು, ಮೊದಲಿನಿಂದಲೂ. ನಿವೃತ್ತಿಯಾದ ಮೇಲೆ ನನ್ನನ್ನು ಸೊಪ್ಪು ಕೊಯ್ಯುವ ಹುದ್ದೆಗೆ ನೇಮಿಸಿಕೊಂಡಿದ್ದಳು. ಹುಳು ದೊಡ್ಡದಾಗುವ ನಡುವೆ ನಾಲ್ಕು ಸಲ ಮೈಚರ್ಮ ಕಳಚುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಕಾಯಿಲೆ ಏನಲ್ಲ. ಹಗಲಿರುಳು ಚರಚರ ತಿನ್ನುತ್ತಿದ್ದ ಹುಳು ಇದ್ದಕ್ಕಿದ್ದಂತೆ ತಿನ್ನುವುದು ನಿಲ್ಲಿಸಿ, ತಲೆಯೆತ್ತಿ, ಕದಲದೆ ಕೂತುಬಿಡುತ್ತದೆ. ಒಂದು ದಿನ ಹೆಚ್ಚುಕಡಿಮೆ. ಆಮೇಲೆ ಹಳೆಯ ಚರ್ಮದಿಂದ ಆಚೆ ಬಂದು ಸೊಪ್ಪು ಕೇಳುತ್ತದೆ.

ಲಗ್ನಪತ್ರಿಕೆಯಾದ ಹತ್ತು ದಿನಕ್ಕೆ ಹುಳು ನಾಲ್ಕನೇ ಜ್ವರಕ್ಕೆ ಕೂತಿತು. ಹೆಂಡತಿ ಮೇಲೆ ಸುಣ್ಣದ ಪುಡಿ ಉದುರಿಸಿ, ಚಿಂತಾಮಣಿ ಕಡೆ ಮದುವೆಗೆ ಕರೆಯಲು ಹೊರಟಳು. ಅವಳ ತವರೂ ಅದೇ ಕಡೆ, ತೆಲುಗು ಮಾತಿನ ಮನೆ.

"ಸೊಪ್ಪು ಹಾಕಬೇಡಿ. ಮುಟ್ಟಬೇಡಿ. ಬಾಗಿಲು ತೆಗೆದಿಟ್ಟು ಗಾಳಿ ಆಡೋ ತರ ನೋಡ್ಕೊಳ್ಳಿ, ಅಷ್ಟೇ. ಗೊತ್ತಾಯ್ತಾ?"

ಗೊತ್ತಾಯಿತು. ಆದರೆ ಮಧ್ಯಾಹ್ನ ಹೋಗಿ ನೋಡಿದೆ. ಸಾವಿರಾರು ಹುಳು ತಲೆಯೆತ್ತಿಕೊಂಡು, ಸುಣ್ಣ ಹಚ್ಚಿಕೊಂಡು, ನನ್ನ ಕಡೆಯೇ ನೋಡುತ್ತಿದ್ದಂತೆ ಕೂತಿದ್ದವು. ಇಡೀ ಮನೆ ನಿಶ್ಶಬ್ದ. ಏನೋ ಆಗಿದೆ, ಏನಾದರೂ ಮಾಡಬೇಕು ಎಂದು ಕೈ ತುರಿಸತೊಡಗಿತು. ಅರ್ಧ ಗಂಟೆ ತಡೆದೆ. ಆಮೇಲೆ ಹೋಗಿ ಎಳೆಯ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು, ಹುಳು ಕೂತಿದ್ದ ಅಟ್ಟಣೆಯ ಎರಡು ಅಂಕಣದ ಮೇಲೆ ಹಾಸಿದೆ. ಹಸಿವಿನಲ್ಲಿ ಎದ್ದರೆ ಪಾಪ ಬಾಯಿಗೇ ಸಿಗಲಿ ಎಂದು. ಹೊಸದಾಗಿ ಹುಳು ಸಾಕುವವರು ಮಾತ್ರ ಮಾಡುವ ತಪ್ಪಿದು. ಹುಳು ಸಾಕುವ ಊರಲ್ಲೇ ಹುಟ್ಟಿ ಅರವತ್ತು ದಾಟಿದವರು ಮಾಡಬಾರದು.

ಸಂಜೆ ಬಂದವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ಎಲೆ ಎತ್ತಿ ನೋಡಿದಳು.

"ಹಾಕಬೇಡಿ ಅಂದಿದ್ನೋ ಇಲ್ವೋ?"

"ಪಾಪ, ಸುಮ್ಮನೆ ಕೂತಿದ್ವು..."

"ಸುಮ್ನೆ ಕೂರೋದೇ ಅದರ ಕೆಲಸ ಕಣ್ರೀ! ಮುಂಚೆ ಎದ್ದಿದ್ದು ತಿಂದು ಕೊಬ್ಬುತ್ತೆ, ಏಳದೇ ಇರೋದು ಸೊಪ್ಪಿನ ಅಡೀಲಿ ಬೆವೆತು ಸಾಯುತ್ತೆ. ಈಗ ಒಂದೇ ಮನೇಲಿ ನಾಲ್ಕು ಸೈಜಿನ ಹುಳು." ಅವಳು ಎಲೆಗಳನ್ನು ಬುಟ್ಟಿಗೆ ಹಾಕುತ್ತ ನಿಲ್ಲಿಸಿದಳು. "ನಿಮಗೆ ಸುಮ್ನೆ ಇರಕ್ಕೇ ಬರಲ್ಲ. ನಿಮ್ಮ ಎದೇದೂ ಇದೇ ಕತೆ. ಸ್ವಲ್ಪ ಹೊಡ್ಕೊಂಡ್ರೆ ಮಿಷನ್ ಹಾಕ್ತೀರಿ, ನೀರ್ ಕುಡೀತೀರಿ, ಏಲಕ್ಕಿ ಅಗೀತೀರಿ, ಮೊಬೈಲಲ್ಲಿ ಹುಡುಕ್ತೀರಿ. ಅದೂ ಸೊಪ್ಪು ಹಾಕಿದ ಹಾಗೇ ಅಲ್ವಾ? ತಿಂದು ತಿಂದು ಬೆಳೆದಿದೆ."

"ಮತ್ತೇನ್ ಮಾಡ್ಲಿ? ಸ್ಟೇಷನ್‌ಗೆ ಹೋಗ್ಲಾ?"

"ಅದೂ ಬೇಡ. ಜ್ವರಕ್ಕೆ ಕೂತ ಹುಳು ಬಿಟ್ಟು ಊರು ಬಿಡ್ತೀವಾ? ಬಾಗಿಲ ಹತ್ರ ಕೂತಿರ್ತೀವಿ. ಮುಟ್ಟಬೇಡಿ, ಓಡೂಬೇಡಿ. ಏಮೀ ಕಾದು. ಅದರಷ್ಟಕ್ಕೆ ಅದು ಎದ್ದೇಳುತ್ತೆ."

ಏನೂ ಆಗಲ್ಲ ಎಂಬುದನ್ನು ಅವಳು ತೆಲುಗಿನಲ್ಲಿ ಹೇಳಿದಳೆಂದರೆ ಅದು ಅಂತಿಮ ತೀರ್ಪು, ಮೇಲ್ಮನವಿ ಇಲ್ಲ. ಡಾಕ್ಟರಮ್ಮನ ಅಭಿಪ್ರಾಯವೂ ನನ್ನ ಹೆಂಡತಿಯ ಅಭಿಪ್ರಾಯವೂ ಒಂದೇ ಆಗಿದ್ದದ್ದು ನಮ್ಮ ದಾಂಪತ್ಯದಲ್ಲಿ ಅದೇ ಮೊದಲು. ಇಬ್ಬರ ಮಾತನ್ನೂ ಮೀರುವ ಧೈರ್ಯ ನನಗಿರಲಿಲ್ಲ.

ಮಾರನೆಯ ದಿನ ಚೀಲ ಬರಿದು ಮಾಡಿದೆ. ಅವಳು ಅದರಲ್ಲಿ ಲಗ್ನಪತ್ರಿಕೆಗಳನ್ನು ತುಂಬಿಕೊಂಡಳು. ನನಗೆ ಉಳಿದದ್ದು ಒಂದೇ ವಿದ್ಯೆ, ಅಳತೆ. ಹಳೆಯ ಫೀಲ್ಡ್ ಪುಸ್ತಕವೊಂದನ್ನು ತೆಗೆದು ಗೆರೆ ಎಳೆದೆ. ಸ್ಥಳ, ಶುರು, ಮುಕ್ತಾಯ, ಷರಾ. ಯಾವ ಜಮೀನಿಗೂ ಎಲ್ಲೆ ಇರುವಂತೆ ಗಾಬರಿಗೂ ಒಂದು ಎಲ್ಲೆ ಇದ್ದೇ ಇರಬೇಕು. ಅದು ಎಲ್ಲಿದೆ ಎಂದು ನೋಡುವ ಮೊದಲೇ ನಾನು ಇಷ್ಟು ದಿನ ಜಮೀನು ಬಿಟ್ಟು ಓಡುತ್ತಿದ್ದೆ.

ಮೊದಲ ಅಳತೆ, ಅದೇ ಕ್ಷೌರದಂಗಡಿ.

ಅಂಗಡಿಯವನು ನನ್ನನ್ನು ಮರೆತಿರಲಿಲ್ಲ. ಬಿಳಿ ಬಟ್ಟೆ ಕೊಡವುತ್ತ ಕೇಳಿದ: "ಸಾರ್, ಬಟ್ಟೆ ಈಗಲೇ ಕಟ್ಲಾ, ಇಲ್ಲ ನೀವು ಎದ್ದ್ ಹೋಗ್ವಾಗ ಕೈಗೇ ಕೊಡ್ಲಾ?"

ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಕೂತಾಗ ಗಾಬರಿಯಾಗುತ್ತದಪ್ಪ, ಆದಾಗ ಕೈ ಎತ್ತುತ್ತೇನೆ, ಕತ್ತಿ ನಿಲ್ಲಿಸು, ಇಳಿದ ಮೇಲೆ ಮುಂದುವರಿಸು.

"ಅಷ್ಟೇನಾ? ಅದಕ್ಯಾಕೆ ಆರು ತಿಂಗಳು ಮುಖ ತಪ್ಪಿಸ್ಕೊಂಡ್ ಓಡಾಡಿದ್ರಿ? ನಮ್ಮಲ್ಲಿ ಬರೋರಲ್ಲಿ ಮೂರ್ನಾಲ್ಕು ಜನಕ್ಕಿದೆ ಸಾರ್. ಒಬ್ರು ಚಪ್ಪಲಿ ಹಾಕ್ಕೊಂಡೇ ಕೂರ್ತಾರೆ, ಓಡಕ್ಕೆ ರೆಡಿಯಾಗಿ. ಇನ್ನೊಬ್ರು ಕತೆ ಹೇಳು ಹೇಳು ಅಂತಾರೆ. ನಿಮಗೇನ್ ಬೇಕು, ಹೇಳಿ."

ಮೂರ್ನಾಲ್ಕು ಜನ! ಆ ಕುರ್ಚಿಯಲ್ಲಿ ಸಾಯಲು ಹೊರಟ ಮೊದಲಿಗ ನಾನೇ ಎಂದು ತಿಳಿದಿದ್ದೆ. ಹೆಮ್ಮೆ ಸ್ವಲ್ಪ ಕಡಿಮೆಯಾಯಿತು, ಎದೆ ಬಹಳ ಹಗುರವಾಯಿತು. ಆದರೂ ಬಲಗೆನ್ನೆಗೆ ಸೋಪು ಬಿದ್ದ ಕೂಡಲೇ ಅದು ಬಂತು. ಕೈ ಎತ್ತಿದೆ. ಅವನು ಕತ್ತಿ ಕೆಳಗಿಟ್ಟು ಬಾಗಿಲಿಗೆ ಹೋಗಿ ಟೀ ಹೇಳಿದ. ನಾನು ನಾಡಿ ಹಿಡಿಯಲಿಲ್ಲ, ನೀರು ಕೇಳಲಿಲ್ಲ. ಉಸಿರನ್ನು ಮಾತ್ರ ಉದ್ದಕ್ಕೆ ಬಿಡುತ್ತ, ಕನ್ನಡಿಯಲ್ಲಿ ಕಾಣುವ ಗೋಡೆ ಗಡಿಯಾರದ ಮುಳ್ಳು ಹಿಂದುಮುಂದಾಗಿ ತಿರುಗುವುದನ್ನು ನೋಡುತ್ತ ಕೂತೆ. ಪುಸ್ತಕದಲ್ಲಿ ಬರೆದದ್ದು ಹೀಗೆ: ಶುರು ಹತ್ತು ಹತ್ತು, ಮುಕ್ತಾಯ ಹತ್ತು ಇಪ್ಪತ್ತನಾಲ್ಕು. ಷರಾ: ಮೀಸೆ ಒಂದು ಕಡೆ ಗಿಡ್ಡ.

ಆಮೇಲೆ ಬಸ್ಸುಗಳು. ಬಾಗಿಲ ಸೀಟು ಬಿಟ್ಟು ಕಿಟಕಿ, ಕಿಟಕಿ ಬಿಟ್ಟು ಮೂರು ಜನರ ಸೀಟಿನ ನಡುವೆ. ಚಿಂತಾಮಣಿಯಿಂದ ಕೈವಾರಕ್ಕೆ ಹೋಗುವಾಗ ಎರಡೂ ಪಕ್ಕ ಭಜನೆಯ ಹೆಂಗಸರು, ಎದುರಿಗೆ ನಿಂತವರ ಚೀಲಗಳು ನನ್ನ ಮುಖಕ್ಕೆ. ಹದಿನೆಂಟು ನಿಮಿಷ, ಅದೇ ಅತಿ ಉದ್ದದ್ದು. ಷರಾ: ಪಕ್ಕದವರು ಬಾಳೆಹಣ್ಣು ಕೊಟ್ಟರು, ತಿಂದೆ. ಒಂದು ಸಲ ಸೋತೆ ಕೂಡ. ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು, ಒಂದು ಕೆರೆಯ ಏರಿಯ ಮೇಲೆ ಬಿಸಿಲಲ್ಲಿ ನಡೆದೆ. ಷರಾ: ಓಡಿದೆ. ಹೆಂಡತಿ ಆ ಪುಟ ನೋಡಿ ಉಪ್ಪಿಟ್ಟು ತಂದಿಟ್ಟಳು. ಮಾರನೆಯ ದಿನ ಅದೇ ಬಸ್ಸಿಗೆ ನನ್ನ ಜೊತೆ ತಾನೂ ಹತ್ತಿ, ನನ್ನಿಂದ ನಾಲ್ಕು ಸೀಟು ಹಿಂದೆ, ಯಾರೋ ಅಪರಿಚಿತಳಂತೆ ಕೂತಳು. ಬಾಗಿಲ ಹತ್ತಿರ ಕೂರುವುದೆಂದರೆ ಏನೆಂದು ನನಗೆ ಆಗ ತಿಳಿಯಿತು.

ಎರಡು ತಿಂಗಳಲ್ಲಿ ಪುಸ್ತಕ ಹೇಳಿದ್ದು ಇಷ್ಟೇ. ಇಪ್ಪತ್ತು ನಿಮಿಷದ ಗಡಿಕಲ್ಲನ್ನು ಗಾಬರಿ ಒಮ್ಮೆಯೂ ದಾಟಿರಲಿಲ್ಲ. ಮಗಳಿಗೆ ಹೇಳಿದೆ: "ಧಾರೆಗೆ ನಾನೇ ಕೂತ್ಕೋತೀನಿ ಕಣಮ್ಮ."

ಅವಳು ನನ್ನ ಮುಖ ನೋಡಿ, "ಮೀಸೆ ಸರಿ ಮಾಡಿಸ್ಕೊಂಡು ಕೂತ್ಕೋ" ಎಂದಳು.

ಮದುವೆ ಚಿಕ್ಕಬಳ್ಳಾಪುರದ ಛತ್ರದಲ್ಲೇ ಆಯಿತು. ಬೆಳಗ್ಗೆ ಎದುರಾದ ಹುಡುಗನ ದೊಡ್ಡಪ್ಪ ಕೈಮುಗಿದು, "ಬೀಗರೇ, ಈ ಸಲ ನನ್ನ ಚಪ್ಪಲಿ ರೂಮಲ್ಲಿಟ್ಟು ಬೀಗ ಹಾಕಿದೀನಿ" ಎಂದರು. ಒಳ್ಳೆಯದು ಮಾಡಿದಿರಿ ಎಂದೆ. ಪುರೋಹಿತರು ನನ್ನ ಶಲ್ಯದ ತುದಿಯನ್ನು ಹೆಂಡತಿಯ ಸೆರಗಿಗೆ ಗಂಟು ಹಾಕಿದರು. ಓಡಿದರೆ ಇಬ್ಬರೂ ಓಡಬೇಕು.

ನಾವು ಹಾಲೆರೆದೆವು. ಗಟ್ಟಿಮೇಳ ಮುಗಿಯಿತು, ಅಕ್ಷತೆ ಬಿತ್ತು, ನೆಂಟರ ಸಾಲು ಮೆಟ್ಟಿಲು ಹತ್ತತೊಡಗಿತು. ಆಗ ಬಂತು. ಕ್ಷೌರದ ಕುರ್ಚಿ, ಗೌರಿಬಿದನೂರಿನ ಗೋಡೆ, ಕೈವಾರದ ಬಸ್ಸು ಎಲ್ಲ ಸೇರಿ ಒಟ್ಟಿಗೆ ಬಂದವು. ಗಡಿಯಾರವನ್ನು ಪೂಜೆಗೆ ಕೂರುವ ಮುಂಚೆಯೇ ಬಿಚ್ಚಿಸಿದ್ದರು, ಅಳೆಯಲು ಏನೂ ಇಲ್ಲ. ಹೆಂಡತಿ ನನ್ನ ಕಡೆ ತಿರುಗದೆ ಕೇಳಿದಳು:

"ಜ್ವರಕ್ಕೆ ಕೂತ್ಕೊಂತಾ?"

ತಲೆಯಾಡಿಸಿದೆ.

"ಸೊಪ್ಪು ಹಾಕಬೇಡಿ."

ಪುರೋಹಿತರು ಒಮ್ಮೆ ತಮ್ಮ ವೀಳ್ಯದೆಲೆಯ ತಟ್ಟೆ ನೋಡಿಕೊಂಡರು. ನಾನು ಹಾಲೆರೆಯುವವರನ್ನು ಎಣಿಸತೊಡಗಿದೆ. ಒಬ್ಬರಿಗೆ ಒಂದು ಉಸಿರು, ಉದ್ದಕ್ಕೆ ಬಿಡುವುದು. ಹನ್ನೊಂದನೆಯವರು ಡಾಕ್ಟರಮ್ಮ. ಅವರು ನನ್ನನ್ನು ನೋಡಿ, ಏನೂ ಗೊತ್ತಿಲ್ಲದವರಂತೆ ಹಾಲೆರೆದು ಇಳಿದರು. ಇಪ್ಪತ್ತಾರನೆಯವನು ಕ್ಷೌರದಂಗಡಿಯವನು, ಇಸ್ತ್ರಿ ಅಂಗಿ ಹಾಕಿದ್ದ. ಮೀಸೆಯನ್ನು ತೃಪ್ತಿಯಿಂದ ನೋಡಿದ. ನಲವತ್ತರ ಹೊತ್ತಿಗೆ ಶಲ್ಯ ಬೆನ್ನಿಗೆ ಅಂಟಿತ್ತು, ಬಾಗಿಲು ಎಲ್ಲಿದೆ ಎಂದು ಕಣ್ಣು ಎರಡು ಸಲ ಹೋಗಿ ಬಂತು. ಐವತ್ತೆರಡನೆಯವರು ಹಸಿರು ಸೀರೆಯ ಒಬ್ಬ ಮುದುಕಿ. ಕೈ ನಡುಗಿ ಹಾಲನ್ನೆಲ್ಲ ನನ್ನ ಪಂಚೆಯ ಮೇಲೆ ಸುರಿದರು. "ಅಯ್ಯೋ, ತಪ್ಪಾಯ್ತು ಕಣಪ್ಪ" ಎಂದರು. "ಪರವಾಗಿಲ್ಲಮ್ಮ" ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಎದೆ ಸುಮ್ಮನಾಗಿತ್ತು. ಯಾವಾಗ ಎಂದು ತಿಳಿಯಲಿಲ್ಲ. ಮಗಳು ಕೈಮೇಲೆ ಹಾಲು ಸುರಿಯುತ್ತಿರುವಾಗಲೇ ಓರೆಗಣ್ಣಲ್ಲಿ ನನ್ನ ಒದ್ದೆ ಪಂಚೆ ನೋಡಿ ತುಟಿ ಬಿಗಿಹಿಡಿದು ನಕ್ಕಳು.

ಆಮೇಲೆ ಎಣಿಸುವುದನ್ನು ಬಿಟ್ಟೆ.

ಊಟದ ಪಂಕ್ತಿಯಲ್ಲಿ ದೊಡ್ಡಪ್ಪ ತಮ್ಮ ಕಡೆಯವರಿಗೆ ಹೇಳುತ್ತಿದ್ದದ್ದು ಕೇಳಿಸಿತು: "ನಮ್ಮ ಬೀಗರು ಗಟ್ಟಿ ಆಸಾಮಿ. ಮೈಮೇಲೆ ಹಾಲು ಸುರಿದ್ರೂ ಅಲ್ಲಾಡಲಿಲ್ಲ."

ಮೂರು ದಿನ ಬಿಟ್ಟು ಪುಸ್ತಕ ತೆಗೆದು ಬರೆದೆ. ಸ್ಥಳ: ಚಿಕ್ಕಬಳ್ಳಾಪುರ, ಛತ್ರ. ಶುರು: ನೆಂಟರ ಸಾಲು. ಮುಕ್ತಾಯ: ಹಸಿರು ಸೀರೆ. ಷರಾ: ಧಾರೆ ಮುಗಿಯುವವರೆಗೆ ಕೂತಿದ್ದೆ.